ಹಳೇ ಕಾರ್ಡು

ಒಡೆದ ಜಿಪಿಎಸ್ ಯಂತ್ರ ಅಂಗಡಿಯ ಗಾಜಿನ ಮೇಜಿನ ಮೇಲೆ ದಡಕ್ಕನೆ ಬಿತ್ತು. ಅಂಗಡಿಯವನು ಬೆಚ್ಚಲಿಲ್ಲ. ಅವನು ಬೆಚ್ಚದಿದ್ದುದಕ್ಕೇ ಅದನ್ನು ಎಸೆದವಳ ಪಿತ್ತ ನೆತ್ತಿಗೇರಿತು.

“ಇದರೊಳಗಿದ್ದ ನಕ್ಷೆ ಆರು ವರ್ಷ ಹಳೇದಂತೆ. ತನಿಖೆ ಮಾಡಿದೋರು ಹೇಳಿದ್ರು. ನಮ್ಮಪ್ಪನಿಗೆ ಹೊಸದು ಅಂತ ಕೊಟ್ರಲ್ಲ, ಇದೇನಾ ಅದು?”

ಚಿಕ್ಕ ವಿಮಾನಗಳ ನಿಲ್ದಾಣಕ್ಕೆ ಎದುರಾಗಿದ್ದ ಆ ಅಂಗಡಿಯ ಹೆಡ್‌ಸೆಟ್ಟು, ಎಣ್ಣೆ ಡಬ್ಬ, ರಬ್ಬರ್ ಕೊಳವೆಗಳ ನಡುವೆ ಆಡಿ ಬೆಳೆದವಳು ಅವಳು. ಅಂಗಡಿಯವನು ಅಪ್ಪನ ಗೆಳೆಯ. ಬುದ್ಧಿ ಬಂದಾಗಿನಿಂದ ಮಾಮ ಎಂದೇ ಕರೆದವಳ ಬಾಯಿಂದ ಇವತ್ತು ಆ ಮಾತು ಹೊರಡಲಿಲ್ಲ. ಅವನೂ ತಲೆ ಎತ್ತಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವುದೇನೂ ಸುಳ್ಳಲ್ಲ.

ನದಿಯಾಚೆಯ ಗುಡ್ಡದ ಮೇಲೆ ಹೋದ ವರ್ಷ ಒಂದು ಟವರ್ ಎದ್ದಿತ್ತು. ಮೋಡ ಕವಿದ ಒಂದು ಬೆಳಿಗ್ಗೆ ಅಪ್ಪನ ವಿಮಾನದ ರೆಕ್ಕೆ ಅದರ ತಂತಿಗೆ ತಾಗಿತು. ಹೊಸ ನಕ್ಷೆಯಲ್ಲಿ ಆ ಟವರ್ ಇದೆ. ಹತ್ತಿರ ಹೋದರೆ ಯಂತ್ರ ಕೂಗಿ ಎಚ್ಚರಿಸುತ್ತದೆ. ಅಪ್ಪನದು ಕೂಗಲಿಲ್ಲ. ಕೂದಲು ನರೆಯುವವರೆಗೆ ಒಂದು ಗೀರೂ ಬೀಳದಂತೆ ಹಾರಿದವನನ್ನು ಹಾರಾಟದ ಕ್ಲಬ್ಬಿನವರು ಈಗ ‘ಹಳೇ ನಕ್ಷೆ ನಂಬಿಕೊಂಡು ಹೋದ ಬೇಜವಾಬ್ದಾರಿ’ ಎನ್ನುತ್ತಿದ್ದರು. ನಿನ್ನೆಯವರೆಗೆ ಅವನನ್ನೇ ಗುರುವೆಂದವರು ಅವರು. ಅಪ್ಪನಂತೂ ವಾಪಸ್ ಬರುವುದಿಲ್ಲ. ಹೆಸರನ್ನಾದರೂ ಉಳಿಸದೆ ಅವಳು ಈ ಅಂಗಡಿಯ ಮೆಟ್ಟಿಲು ಇಳಿಯುವವಳಲ್ಲ.

ಜಿಪಿಎಸ್ ಯಂತ್ರ ಕೊಳ್ಳಲು ಬಂದ ದಿನ ಇದೇ ಮೇಜಿನ ಮುಂದೆ ಅಪ್ಪ ಮಗಳಿಗೆ ಜಗಳವಾಗಿತ್ತು. ಅವಳಿಗೆ ಆಗಷ್ಟೇ ಹಾರುವ ಲೈಸೆನ್ಸ್ ಬಂದಿತ್ತು. ಅಪ್ಪ ಹೆಣ್ಣು ನೋಡಲು ಬಂದ ಬೀಗರಂತೆ ಒಂದೊಂದಕ್ಕೂ ಒಂದೊಂದು ಕೊಂಕು ತೆಗೆದಿದ್ದ. ಪರದೆ ಬಿಸಿಲಲ್ಲೂ ಕಾಣಬೇಕು, ವಿಮಾನ ಕುಲುಕಿದರೂ ಬೆರಳಿಗೆ ಗುಂಡಿ ಸಿಗಬೇಕು, ಬ್ಯಾಟರಿ ನಡುದಾರಿಯಲ್ಲಿ ಕೈ ಕೊಡಬಾರದು. ಕೊನೆಗೆ ಒಂದೇ ಥರದ ಎರಡು ಯಂತ್ರಗಳು ಒಪ್ಪಿಗೆಯಾದವು. ಆದರೆ ಹೊಸ ನಕ್ಷೆಯ ಕಾರ್ಡು ಅಂಗಡಿಯಲ್ಲಿ ಒಂದೇ ಇತ್ತು. ಇನ್ನೊಂದು ಬರುವವರೆಗೆ ಎರಡನೆಯ ಯಂತ್ರಕ್ಕೆ ಮನೆಯಲ್ಲಿದ್ದ ಹಳೇ ಕಾರ್ಡೇ ಗತಿ.

“ಹೊಸದು ನನಗಿರಲಿ,” ಅಂದ ಅಪ್ಪ. “ನಿನ್ನ ಹತ್ರ ಇರೋದು ಹೊಸದು ಅಂತ ಗೊತ್ತಾದ್ರೆ ನೀನು ಗಾಜಿನಾಚೆ ನೋಡೋದೇ ಬಿಟ್ಬಿಡ್ತೀಯ. ಹಳೇದು ಅಂದ್ಕೊಂಡಿದ್ರೆ ಕಣ್ಣು ಹೊರಗಿರುತ್ತೆ.”

ಮಗಳಿಗೆ ಹಳಸಲು, ತನಗೆ ಬಿಸಿಬಿಸಿ. ಇಂಥ ಸ್ವಾರ್ಥಿಯನ್ನು ಎಲ್ಲೂ ಕಂಡಿಲ್ಲ ಎಂದು ಅಂಗಡಿಯವನ ಎದುರೇ ಅಂದುಬಿಟ್ಟಳು. ಅಪ್ಪ ನಕ್ಕ, ಅಷ್ಟೆ. ಆ ನಗುವಿಗೆ ಅವಳಿಗೆ ಇನ್ನಷ್ಟು ಉರಿಯಿತು. ಅಂದಿನಿಂದ ಅವನೊಂದಿಗೆ ಲೆಕ್ಕಕ್ಕೆಷ್ಟೋ ಅಷ್ಟೇ ಮಾತು.

ಆದರೂ ಕ್ಲಬ್ಬಿನ ಪದ್ಧತಿ ತಪ್ಪುವಂತಿರಲಿಲ್ಲ. ಹಾರುವವರ ಯಂತ್ರವನ್ನು ಬೇರೊಬ್ಬರು ವಿಮಾನದ ಮುಂಗಾಜಿಗೆ ಕೂರಿಸಿ, ಚಾಲೂ ಮಾಡಿ, ಸರಿಯಿದೆ ಎಂದ ಮೇಲೆಯೇ ಹಾರುವವರು ಹತ್ತಬೇಕು. ಮುನಿಸಿನ ನಡುವೆಯೂ ಅವಳದನ್ನು ಅಪ್ಪನೇ ಕೂರಿಸುತ್ತಿದ್ದ. ಆ ಹಳೇ ಡಬ್ಬ ಒಮ್ಮೆ, ನದಿ ದಾಟಿದ ಮೇಲೆ, ಮೋಡದಲ್ಲಿ ಏನೂ ಕಾಣದ ಕಡೆ ಬಾಯಿ ಬಡಿದುಕೊಂಡಿತ್ತು. ಅವಳು ಬೈಯುತ್ತಲೇ ವಿಮಾನವನ್ನು ಮೇಲೆತ್ತಿದ್ದಳು. ಇಳಿದ ಮೇಲೆ ಅಪ್ಪನ ಮುಖಕ್ಕೆ ಹೊಡೆದ ಹಾಗೆ ಹೇಳಿದಳು, ನೀನು ಕೊಟ್ಟ ಹಳಸಲು ಸುಮ್ಮಸುಮ್ಮನೆ ಕೂಗುತ್ತದೆ ಎಂದು.

“ಮೇಲೆತ್ತಿದ್ಯಾ?”

“ಎತ್ತಿದೆ.”

“ಸದ್ಯ. ಎಲ್ಲಿ ಕೂಗ್ತು?”

ಅವಳು ಹೆಡ್‌ಸೆಟ್ಟನ್ನು ಸೀಟಿಗೆಸೆದು, ಹಿಂದಿರುಗಿಯೂ ನೋಡದೆ ನಡೆದಿದ್ದಳು.

ಈಗ ಅದೇ ಸಿಟ್ಟು ಅಂಗಡಿಯವನ ಮೇಲೆ ತಿರುಗಿತ್ತು. ತನಿಖೆಯವರನ್ನು ಇಲ್ಲಿಗೇ ಕರೆತರುತ್ತೇನೆ, ಈ ಅಂಗಡಿಗೆ ಬೀಗ ಜಡಿಸುತ್ತೇನೆ ಎಂದಳು. ಉಂಡ ಮನೆಯ ಗಳ ಎಣಿಸಿದವನು ಎಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ.

“ತಪ್ಪು ನಂದೇ ಮಗಳೇ,” ಅಂದ. “ಹಳೇ ಕಾರ್ಡನ್ನೇ ಹೊಸದು ಅಂತ ಕೊಟ್ಟೆ. ಅವರ ಮುಂದೆ ಬಂದು ಹಾಗೇ ಹೇಳ್ತೀನಿ. ಅಂಗಡಿ ಹೋದ್ರೆ ಹೋಗ್ಲಿ.”

ಜಗಳಕ್ಕೆಂದು ಸೆರಗು ಕಟ್ಟಿ ಬಂದವಳಿಗೆ ಇಷ್ಟು ಸಲೀಸಾದ ಒಪ್ಪಿಗೆ ಸಾಕಾಗಲಿಲ್ಲ. ಇನ್ನೂ ಮೈಯೆಲ್ಲ ಉರಿಯುತ್ತಿತ್ತು. ಚೀಲದಿಂದ ತನ್ನ ಯಂತ್ರವನ್ನೂ ತೆಗೆದು ಒಡೆದುದರ ಪಕ್ಕಕ್ಕೆ ಎಸೆದಳು.

“ಇದನ್ನೂ ನೀವೇ ಇಟ್ಕೊಳ್ಳಿ. ನಾನಿನ್ನು ಹಾರಲ್ಲ.”

ಅಂಗಡಿಯವನು ಎರಡೂ ಕೈಯಲ್ಲಿ ಅದನ್ನು ಬಾಚಿಕೊಂಡ. ಅಷ್ಟು ಆತುರ ಅವಳ ಕಣ್ಣಿಗೆ ಬಿತ್ತು. ಇದರಲ್ಲೂ ಏನೋ ಮೋಸವಿದೆ ಎಂದುಕೊಂಡು ವಾಪಸ್ ಕಿತ್ತುಕೊಂಡಳು.

“ಚಾಲೂ ಮಾಡ್ಬೇಡ ತಾಯೀ. ನಾನು ಒಪ್ಕೊಂಡಾಯ್ತಲ್ಲ, ಇಲ್ಲಿಗೇ ಬಿಟ್ಬಿಡು.”

ಆ ಗುಂಡಿಯನ್ನು ಅವಳು ತಾನಾಗಿ ಒತ್ತಿದ್ದು ಅದೇ ಮೊದಲು. ಪರದೆ ಬೆಳಗಿತು. ಮೊದಲು ನಕ್ಷೆಯ ದಿನಾಂಕ ಬಂತು. ಅಪ್ಪ ಮಗಳು ಈ ಅಂಗಡಿಗೆ ಬಂದು ಜಗಳವಾಡಿದ ತಿಂಗಳಿನದೇ ಅದು.

“ನಿನಗೆ ಹೇಳ್ಬೇಡ ಅಂದಿದ್ದ ನಿಮ್ಮಪ್ಪ,” ಅಂದ ಮಾಮ.

ದಿನಾಂಕ ಅಳಿಸಿಹೋಗಿ ನಕ್ಷೆ ಮೂಡಿತು. ನದಿಯಾಚೆಯ ಗುಡ್ಡದ ಮೇಲೆ ಟವರಿನ ಕೆಂಪು ಗುರುತು ಮಿನುಗುತ್ತಿತ್ತು.

ಎಲ್ಲಿ ಕೂಗ್ತು ಎಂದು ಅಪ್ಪ ಕೇಳಿದ್ದ. ಅವಳು ಹೇಳಿರಲಿಲ್ಲ.