ನೆಲ ನುಡಿದ ಐದನೆಯ ದಿನ

ಹೊಸ ಧರ್ಮ ಎಲ್ಲ ನೆಲದಲ್ಲೂ ಹುಟ್ಟುವುದಿಲ್ಲ. ಕುರಿಗಳು ಮೇವು ಬಿಟ್ಟು ಒಂದೇ ದಿಕ್ಕಿಗೆ ಮುಖಮಾಡಿ ಮಲಗಿದಲ್ಲಿ ಮಾತ್ರ ನೆಲ ಮಾತಾಡುತ್ತದೆ. ಇದು ಕುರಿಗಾರರಿಗೆಲ್ಲ ಗೊತ್ತಿದ್ದದ್ದೇ. ತನ್ನ ಹಿಂಡು ಹಾಗೆ ಮಲಗಿದಾಗ ಯಮನಪ್ಪ ಪದ್ಧತಿಯಂತೆ ಒಂಬತ್ತು ದಿನ ನೆಲಕ್ಕೆ ಕಿವಿಗೊಟ್ಟು ಅಲ್ಲೇ ಉಳಿದ. ನಾಲ್ಕನೆಯ ದಿನ ಬುತ್ತಿ ತಂದ ಹೆಂಡತಿಯ ತಮ್ಮ ಮಾಳಿಂಗನಿಗೆ, ಮನೆಯವನೇ ಎಂದು, ಅಲ್ಲಿಯವರೆಗೆ ಕೇಳಿದ್ದನ್ನೆಲ್ಲ ಹೇಳಿಬಿಟ್ಟ.

ಹತ್ತನೆಯ ದಿನ ಊರಿಗೆ ಬಂದರೆ ಮಾಳಿಂಗ ಕಟ್ಟೆಯ ಮೇಲೆ ಕೂತಿದ್ದ. ಜನ ಕೈಮುಗಿದು ಸಾಲುಗಟ್ಟಿದ್ದರು.

"ಏ ಕಂಬಳಿಯವ್ನ, ಹಿಂದ ನಿಂದ್ರು! ಗುರುಗಳ ಜೋಡಿ ನೆಲ ಮಾತಾಡೇತಿ," ಎಂದು ಒಬ್ಬ ಗದರಿದ.

ಮಾಳಿಂಗ ಯಮನಪ್ಪನನ್ನು ಹತ್ತಿರ ಕರೆದು, ಹರಸುವವನಂತೆ ತಲೆಯ ಮೇಲೆ ಕೈಯಿಟ್ಟು ಪಿಸುಗುಟ್ಟಿದ: "ಮಾಮಾ, ಐದನೇ ದಿನ ಏನ್ ಹೇಳ್ತು?"

ಯಮನಪ್ಪ ಆ ಕೈಯನ್ನು ಮೆಲ್ಲಗೆ ಸರಿಸಿದ.

"ನಿನ್ನ ನಂಬಬ್ಯಾಡಂತ ಹೇಳ್ತು. ಅಷ್ಟರಾಗ ನಂಬಿಬಿಟ್ಟಿದ್ದೆ ನೋಡಪಾ."