ಮೇಜಿನ ಕೆಳಗೆ

ಅತ್ತೆ ಎಗ್‌ನಾಗ್ ಪಾನೀಯ ತರಲು ಅಡುಗೆಮನೆಗೆ ಹೋದದ್ದೇ ತಡ, ಕೋರಾ ತನ್ನ ತಟ್ಟೆಯಲ್ಲಿದ್ದ ಕ್ರಿಸ್‌ಮಸ್ ಕೇಕಿನ ತುಂಡನ್ನು ಮೇಜಿನ ಕೆಳಗೆ ಹಿಡಿದಳು. ಒದ್ದೆ ಮೂಗೊಂದು ಅಂಗೈಗೆ ತಗುಲಿತು. ಮರುಕ್ಷಣ ಕೈ ಖಾಲಿ. ಎದುರಿಗಿದ್ದ ಮಾವ ಆಂಗಸ್ ನೋಡಿಯೂ ನೋಡದವರಂತೆ ಕಿಟಕಿಯತ್ತ ತಿರುಗಿದರು. ಹೊರಗೆ ಲೂನನ್‌ಬರ್ಗ್ ಬಂದರಿನ ಮೇಲೆ ಬೆಳಗಿನಿಂದ ಹಿಮ ಸುರಿಯುತ್ತಲೇ ಇತ್ತು. ಬೇಸಿಗೆಯಲ್ಲಿ ಪಾರ್ಶ್ವವಾಯು ಹೊಡೆದಾಗಿನಿಂದ ಮಾವನಿಗೆ ಮಾತಿಲ್ಲ, ಎಡಗೈ ಏಳುವುದಿಲ್ಲ.

ಆ ಕೇಕೆಂದರೆ ಮನೆಯಲ್ಲಿ ಅವರೊಬ್ಬರಿಗೇ ಪ್ರಾಣ. ಅತ್ತೆ ಯೂನಿಸ್ ಅದನ್ನು ಅಕ್ಟೋಬರಿನಲ್ಲೇ ಬೇಯಿಸಿ, ರಮ್ಮಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಡಬ್ಬಿಯಲ್ಲಿಡುತ್ತಿದ್ದರು. ಹಿಟ್ಟಿಗಿಂತ ಒಣದ್ರಾಕ್ಷಿಯೇ ಹೆಚ್ಚು. ಕಪ್ಪಗೆ, ಕಲ್ಲಿನಂತೆ ಭಾರ. ಬಂದರಿನ ಕೆಲಸಕ್ಕೆ ಹೋಗಿದ್ದ ಕೋರಾಳ ಗಂಡ ಡಂಕನ್ ಅದನ್ನು ‘ಅಮ್ಮನ ಇಟ್ಟಿಗೆ’ ಎನ್ನುತ್ತಿದ್ದ. ಅಮ್ಮನ ಎದುರಿಗಲ್ಲ.

“ಆಗಲೇ ಮುಗಿಸಿಬಿಟ್ಯಾ?” ಲೋಟಗಳನ್ನು ಮೇಜಿನ ಮೇಲಿಡುತ್ತ ಯೂನಿಸ್ ಹಿಗ್ಗಿದರು. “ನೋಡು ಆಂಗಸ್, ನಿನಗೂ ಒಬ್ಬಳು ಜೋಡಿ ಸಿಕ್ಕಳು! ಇನ್ನೊಂದು ಹಾಕ್ಲಾ ಮಗಳೇ?”

“ಅಯ್ಯೋ ಬೇಡ ಅತ್ತೆ, ಹೊಟ್ಟೆ ಬಿರೀತಿದೆ.”

ಕೋರಾ ತಟ್ಟೆಗಳನ್ನೆಲ್ಲ ತೊಳೆದಿಟ್ಟು ಕೈ ಒರೆಸಿಕೊಳ್ಳುವಾಗ ಮಾವನ ಕುರ್ಚಿಯ ಕಡೆಯಿಂದ ವಿಚಿತ್ರ ಸದ್ದು ಕೇಳಿತು. ಬೋಸನ್, ಮನೆಯ ದೊಡ್ಡ ಹಳದಿ ನಾಯಿ, ನೆಲದ ಮೇಲೆ ವಾಂತಿ ಮಾಡಿಕೊಂಡು ನಡುಗುತ್ತ ನಿಂತಿತ್ತು. ಆಂಗಸ್ ಬಲಗೈಯಿಂದ ಅದರ ಕೊರಳಪಟ್ಟಿ ಹಿಡಿದುಕೊಂಡು ಗಂಟಲಲ್ಲೇ ಏನೋ ಗೊರಗುಟ್ಟುತ್ತಿದ್ದರು. ಯೂನಿಸ್ ಬಗ್ಗಿ ನೋಡಿದವರೇ ಬಿಳಿಚಿಕೊಂಡರು.

“ದ್ರಾಕ್ಷಿ! ನಾಯಿಗೆ ಇದು ವಿಷ ಕಣೇ. ಮೂತ್ರಪಿಂಡವೇ ಹೋಗಿಬಿಡುತ್ತೆ. ಡಬ್ಬಿ ಮುಚ್ಚೇ ಇದೆಯಲ್ಲ, ಇವನಿಗೆ ಹೇಗೆ ಸಿಕ್ಕಿತು?”

ಕೋರಾಳಿಗೆ ಸುಮ್ಮನಿದ್ದುಬಿಡೋಣ ಅಂತ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಯೂನಿಸ್ ಪಶುವೈದ್ಯೆಗೆ ಫೋನು ಹಚ್ಚಿದ್ದರು. ಆ ಕಡೆಯಿಂದ ಮೊದಲು ಬಂದ ಪ್ರಶ್ನೆಯೇ, ಎಷ್ಟು ತಿಂದಿದೆ ಎಂಬುದು. ಯೂನಿಸ್ ದಿಕ್ಕು ತೋಚದೆ ಸುತ್ತ ನೋಡಿದರು.

“ಒಂದು ತುಂಡು,” ಎಂದಳು ಕೋರಾ. “ನಂದು. ನಾನೇ ಕೊಟ್ಟೆ ಅತ್ತೆ. ನನಗೆ ಗೊತ್ತಿರಲಿಲ್ಲ...”

ಯೂನಿಸ್ ಅವಳ ಮುಖ ನೋಡಲಿಲ್ಲ. ಫೋನಿನಲ್ಲಿ ಅಷ್ಟನ್ನೇ ಹೇಳಿ, ಕೋಟು ತೊಟ್ಟುಕೊಂಡು, “ಕಾರು ತೆಗಿ,” ಎಂದರು.

ಆಂಗಸ್ ಮನೆಯಲ್ಲಿ ಉಳಿಯಲು ಸುತಾರಾಂ ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಿಮದಲ್ಲಿ ರಸ್ತೆ ಯಾವುದು, ಚರಂಡಿ ಯಾವುದು ತಿಳಿಯುತ್ತಿರಲಿಲ್ಲ. ತಿರುವಿನಲ್ಲಿ ಕಾರು ಜಾರಿ ಅಡ್ಡಡ್ಡ ಹೋದಾಗ ಯೂನಿಸ್ ಕಿರುಚಲೂ ಇಲ್ಲ. “ಬೇಡ ಅಂದಿದ್ರೆ ಆಗ್ತಿತ್ತು ಕೋರಾ,” ಎಂದರು ಮೆಲ್ಲಗೆ. “ಒಂದು ಮಾತು. ಬೇಡ ಅಂತ.” ಕೋರಾ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಹಿಂದಿನಿಂದ ನಾಯಿಯ ಉಸಿರು ಕೇಳುತ್ತಿದೆಯೇ ಎಂದು ಕಿವಿಗೊಟ್ಟಳು.

ಹಬ್ಬದ ದಿನವೂ ಡಾಕ್ಟರ್ ಬಂದು ಪಶು ಆಸ್ಪತ್ರೆಯ ಬಾಗಿಲು ತೆರೆದಿದ್ದರು. ಬೋಸನ್‌ನನ್ನು ಒಳಗೆ ಒಯ್ದು, ವಾಂತಿ ಮಾಡಿಸಿ ಹೊರಬಂದ ಅವರ ಮುಖ ಗಂಟಿಕ್ಕಿತ್ತು.

“ಒಂದು ತುಂಡು ಅಂದ್ರಲ್ಲ? ಅದರ ಎರಡು ಮೂರು ಪಟ್ಟು ಆಚೆ ಬಂತು. ನಿಜ ಹೇಳಿ, ಔಷಧಿ ಅದರ ಮೇಲೆ ನಿಂತಿದೆ.”

“ದೇವರಾಣೆ ಒಂದೇ ಅತ್ತೆ!” ಕೋರಾಳ ಕಣ್ಣಲ್ಲಿ ನೀರು ಬಂತು.

ಟಕ್ ಎಂದು ಊರುಗೋಲು ನೆಲಕ್ಕೆ ಬಡಿದ ಸದ್ದು. ಆಂಗಸ್ ಬಲಗೈಯಿಂದ ತಮ್ಮ ಎದೆ ತಟ್ಟಿಕೊಂಡು ಎರಡು ಬೆರಳು ಎತ್ತಿದರು.

“ನೀನಾ?” ಯೂನಿಸ್‌ಗೆ ನಂಬಲಾಗಲಿಲ್ಲ. “ಎರಡು ಸಲ ತಟ್ಟೆ ಮುಂದೊಡ್ಡಿ ಹಾಕಿಸಿಕೊಂಡೆಯಲ್ಲೋ! ಅದಂದ್ರೆ ನಿನಗೆ ಜೀವ ಅಲ್ವಾ?”

ಆಂಗಸ್ ತಲೆ ತಗ್ಗಿಸಿದರು. ಡಾಕ್ಟರ್ ಮತ್ತೆ ಒಳಗೆ ಓಡಿದರು. ಮೂವರೂ ಬೆಂಚಿನ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಒಳಗಿನಿಂದ ಒಮ್ಮೆ ಕುಂಯ್ಗುಟ್ಟಿದ ಸದ್ದು ಬಂತು. ಆಮೇಲೆ ಅದೂ ಇಲ್ಲ.

ಕತ್ತಲಾಗುವ ಹೊತ್ತಿಗೆ ಡಾಕ್ಟರ್ ಕೈಗವಸು ಕಳಚುತ್ತ ಬಂದರು. “ಬದುಕ್ತಾನೆ. ಬೇಗ ತಂದ್ರಿ. ಎರಡು ದಿನ ಡ್ರಿಪ್ ಹಾಕಿ ಇಲ್ಲೇ ಇಟ್ಕೋತೀನಿ.” ಕೋರಾ ಬಿಕ್ಕಿದಳು. ಯೂನಿಸ್ ಮೊದಲ ಬಾರಿಗೆ ಅವಳ ಕೈ ಹಿಡಿದುಕೊಂಡರು.

“ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ,” ಎಂದರು ಡಾಕ್ಟರ್. “ಬೇಸಿಗೆಯಲ್ಲಿ ನಾನು ನೋಡಿದ್ದಕ್ಕೂ ಈಗಕ್ಕೂ ಇವನು ಹತ್ತು ಕಿಲೋ ದಪ್ಪ ಆಗಿದಾನೆ. ದಿನಾ ಏನು ಹಾಕ್ತೀರಿ ಇವನಿಗೆ?”

“ಅವನ ಬಟ್ಟಲಿಗೆ ಹಾಕೋದು ಬಿಟ್ರೆ ಇನ್ನೇನೂ ಇಲ್ಲ. ಆಂಗಸ್ ಊಟ ಮಾಡೋವಾಗ ಮಾತ್ರ ಕುರ್ಚಿ ಕೆಳಗೆ...”

ಯೂನಿಸ್ ತಟ್ಟನೆ ಆಂಗಸ್ ಕಡೆ ತಿರುಗಿದರು. ಗಂಡನ ತಟ್ಟೆ ಹೊತ್ತುಹೊತ್ತಿಗೂ ಒರೆಸಿದಂತೆ ಖಾಲಿಯಾಗುವುದನ್ನು ಕಂಡು, ಚೇತರಿಸಿಕೊಳ್ಳುತ್ತಿದ್ದಾರೆಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ನಿಧಾನವಾಗಿ ಬೆಂಚಿನ ಮುಂದೆ ಮಂಡಿಯೂರಿ ಕೂತರು.

“ಆಂಗಸ್, ನಿನಗೆ ನುಂಗೋಕೆ ಆಗ್ತಿಲ್ವಾ?”

ಆಂಗಸ್ ಕಣ್ಣು ಮುಚ್ಚಿಕೊಂಡರು. ಯೂನಿಸ್ ಅವರ ಮಫ್ಲರ್ ಬಿಚ್ಚಿದರು, ದಪ್ಪ ಸ್ವೆಟರನ್ನು ಕೆಳಗೆ ಸರಿಸಿದರು. ಮೇಲಿನ ಗುಂಡಿ ಹಾಕಿಯೇ ಇತ್ತು. ಕತ್ತಿಗೂ ಅಂಗಿಯ ಕಾಲರಿಗೂ ನಡುವೆ ಅವರ ಇಡೀ ಕೈ ಸಲೀಸಾಗಿ ಇಳಿಯಿತು.