ಆಸರೆ: ‘ನೆಲೆ’ ನೋಡಿ

‘ಆಸರೆ’ ಎಂಬಲ್ಲಿ ‘ನೆಲೆ ನೋಡಿ’ ಎಂದಿತ್ತು. ಸುಚಿತ್ರಾ ಪುಟ ಮಗುಚುತ್ತ ಪುಸ್ತಕದ ನಡುವಿಗೆ ಹೋಗಿ ನೋಡಿದರೆ ‘ನೆಲೆ’ಗೆ ‘ಆಶ್ರಯ ನೋಡಿ’ ಎಂದಿತ್ತು. ಮತ್ತೆ ಹಿಂದಕ್ಕೆ ಬಂದು ‘ಆಶ್ರಯ’ ಹುಡುಕಿದರೆ ಅದು ತಣ್ಣಗೆ ‘ಆಸರೆ ನೋಡಿ’ ಎನ್ನುತ್ತಿತ್ತು. ಶಾಲೆಯ ಮಕ್ಕಳಿಗೆಂದು ಮಾಡಿದ ಶಬ್ದಕೋಶ. ಅದರ ಕರಡು ತಿದ್ದಿದವಳು ಅವಳೇ. ಅಷ್ಟು ಸಲ ಓದಿದರೂ ಕಣ್ಣಿಗೆ ಬೀಳದ್ದು, ಪ್ರೆಸ್ಸಿನ ಹನುಮೇಶ ಫೋನ್ ಮಾಡಿ ಹೇಳಿದ ಮೇಲೆ ಬಿದ್ದಿತ್ತು.

ಹನುಮೇಶ ಬೈಯಲಿಲ್ಲ. ಬೈಯಲು ಅವನಿಗೆ ಪುರಸೊತ್ತೂ ಇರಲಿಲ್ಲ. ಪುಟ ಕಟ್ಟಿ ಆಗಿದೆ, ನಾಳೆ ಮುದ್ರಣಕ್ಕೆ ಹೋಗಬೇಕು, ಮೂರಕ್ಕೂ ಅರ್ಥ ಬರೆಯುತ್ತ ಕೂತರೆ ಸಾಲು ಹಿಡಿಸುವುದಿಲ್ಲ ಎಂದ. “ಯಾವದಾರ ಒಂದಕ್ಕ ಅರ್ಥ ಬರೀರಿ ಅಕ್ಕಾರ. ಉಳಿದ ಎರಡೂ ಅದನ್ನ ತೋರಸ್ಲಿ. ಹುಡುಗ್ರು ಎಲ್ಲ್ಯಾರ ಒಂದ ಕಡೆ ನಿಂದರಬೇಕಲ್ರಿ.”

ಒಂದು ಸಾಲಿನ ಕೆಲಸ. ಆದರೆ ಅವತ್ತು ಅವಳಿಗೆ ಒಂದು ಸಾಲೂ ಭಾರವಾಗಿತ್ತು. ಬೆಳಗಿನಿಂದ ಅವಳು ಇನ್ನೊಂದು ವಿಷಯಕ್ಕೆ ಫೋನಿಗೆ ಅಂಟಿಕೊಂಡಿದ್ದಳು. ಅವ್ವ ಉಚ್ಚಂಗೆವ್ವ ಮೂವರು ಮಕ್ಕಳ ಮನೆಯಲ್ಲಿ ತಿಂಗಳ ಸರದಿಯ ಮೇಲೆ ಇರುತ್ತಿದ್ದಳು. ರಾಣೆಬೆನ್ನೂರಿನಲ್ಲಿ ಸುಚಿತ್ರಾಳ ತಿಂಗಳು ಮುಗಿದಿತ್ತು. ಬ್ಯಾಡಗಿಯಿಂದ ತಮ್ಮ ಚನ್ನೇಶ ಬಂದು ಕರೆದೊಯ್ಯಬೇಕು. ಅವನು, ಮನೆ ತುಂಬ ಮೆಣಸಿನಕಾಯಿ ಚೀಲ ಇಟ್ಟಿದ್ದೇನೆ, ಘಾಟಿಗೆ ಅವ್ವನಿಗೆ ಕೆಮ್ಮು ಹತ್ತುತ್ತದೆ, ಈ ಸಲ ಹಾವೇರಿಯ ಶೀಲಾಕ್ಕನನ್ನು ಕೇಳು ಎಂದ. ಶೀಲಾ, ಮಗಳಿಗೆ ಪರೀಕ್ಷೆ, ಸರದಿಯೂ ನನ್ನದಲ್ಲ, ಚನ್ನೇಶನನ್ನೇ ಕೇಳು ಎಂದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ಸುಳ್ಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಸುಚಿತ್ರಾಳಿಗೂ ಸಾಕಾಗಿತ್ತು. ಇದ್ದದ್ದು ಎರಡು ಕೋಣೆ. ಒಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಹಗಲೆಲ್ಲ ಮಲಗುತ್ತಿದ್ದ, ಇನ್ನೊಂದರಲ್ಲಿ ಅವಳ ಕರಡು, ಅವಳ ಬೆನ್ನುನೋವು. ಅವ್ವನಿಂದ ತೊಂದರೆ ಇತ್ತೆಂದಲ್ಲ. ಅವ್ವ ಮನೆಯಲ್ಲಿರುವುದೇ ಗೊತ್ತಾಗುತ್ತಿರಲಿಲ್ಲ. ಚೀಲದಿಂದ ಸೀರೆಗಳನ್ನು ಹೊರಗೆ ತೆಗೆದಿರಲಿಲ್ಲ. ಚಹ ಕುಡಿದ ಕೂಡಲೇ ಎದ್ದು ತನ್ನ ಬಟ್ಟಲು ತಾನೇ ತೊಳೆದು ಬೋರಲು ಹಾಕುತ್ತಿದ್ದಳು. ಎಷ್ಟು ಅಚ್ಚುಕಟ್ಟು ನೋಡ್ರಿ ನಮ್ಮವ್ವ ಎಂದು ಸುಚಿತ್ರಾ ಓಣಿಯವರ ಮುಂದೆ ಹೊಗಳಿದ್ದೂ ಉಂಟು. ಹಲಗೇರಿಯಲ್ಲಿ ತನ್ನ ಮನೆ ಅಂತ ಇದ್ದಾಗ ಇದೇ ಅವ್ವ, ಕುಡಿದ ಬಟ್ಟಲನ್ನು ಕೂತಲ್ಲೇ ಬಿಟ್ಟು, ಇಡೀ ಓಣಿಗೆ ಕೇಳುವಂತೆ ಮಾತಾಡುತ್ತ ಕಟ್ಟೆಗೆ ಹೋಗುತ್ತಿದ್ದಳೆಂಬುದು ಅವಳಿಗೆ ಆಗ ನೆನಪಾಗಿರಲಿಲ್ಲ.

ಪೆನ್ನು ಹಿಡಿದು ‘ಆಸರೆ’ಯ ಮುಂದೆ ‘ಆಧಾರ’ ಎಂದು ಬರೆದಳು. ಮಕ್ಕಳಿಗೆ ಕಾರ್ಡು ನೆನಪಾದೀತು ಎಂದು ಹೊಡೆದು ಹಾಕಿದಳು. ‘ಬೆಂಬಲ’ ಎಂದು ಬರೆದಳು. ಅನುಮಾನ ಬಂದು ತೆಗೆದು ನೋಡಿದರೆ ಬೆಂಬಲವೂ ತನ್ನ ಪಾಡಿಗೆ ‘ಆಸರೆ’ಯನ್ನೇ ತೋರಿಸುತ್ತ ಕೂತಿತ್ತು. ಅವಳಿಗೆ ಅಳುವಷ್ಟು ಬೇಸರವಾಯಿತು.

ಬಾಗಿಲ ಬದಿಯಲ್ಲಿ ಅವ್ವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಲ್ಲಿಗೆ ಅಂತ ಗೊತ್ತಾತೇನವ್ವಾ ಎಂದು ಮೆಲ್ಲಗೆ ಕೇಳಿದಳು. ತಲೆ ಎತ್ತದೆ ಸುಚಿತ್ರಾ, ಕೇಳಾಕತ್ತೇನಲ್ಲ, ತಡಿ ಎಂದಳು. ಅವ್ವ ತಡೆದಳು. ಸ್ವಲ್ಪ ಹೊತ್ತಿನ ಮೇಲೆ, ದೂರುವ ದನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳುವವಳಂತೆ ಹೇಳಿದಳು:

“ಎಲ್ಲಿಗಾದ್ರೂ ಆದೀತು, ನಾನ ಬಸ್ ಹತ್ತಿ ಹೊಕ್ಕೇನಿ. ಆದ್ರ ಪುಕ್ಕಟೆ ಟಿಕೀಟ ಆದ್ರೂ ಕಂಡಕ್ಟರ್‌ಗ ಒಂದ ಊರ ಹೆಸರು ಹೇಳಬೇಕಲ್ಲವ್ವಾ.”

ಸುಚಿತ್ರಾಳ ಪೆನ್ನು ನಿಂತಿತು. ನಾಚಿಕೆಯಾಯಿತು. ಅಷ್ಟರಲ್ಲಿ ಚನ್ನೇಶನ ಫೋನ್ ಬಂತು. ಶೀಲಾಕ್ಕನ ಜೊತೆ ಮಾತಾಡಿದ್ದೇನೆ, ಪರೀಕ್ಷೆ ಮುಗಿದ ಮೇಲೆ ನೋಡೋಣ ಅಂದಿದ್ದಾಳೆ ಎಂದು ಅವನು ಶುರು ಮಾಡುವುದರೊಳಗೆ ಅವಳು ತಡೆದಳು.

“ಯಾರೂ ಬರಬ್ಯಾಡ್ರಿ. ಅವ್ವ ಇನ್ನ ಇಲ್ಲೇ ಇರತಾಳ.”

“ಎಲ್ಲಿತನಕ ಅಕ್ಕಾ?”

“ಇಲ್ಲೇ ಅಂದ್ನೆಲ್ಲಪ್ಪಾ.”

ಪ್ರೀತಿ ಉಕ್ಕಿ ಬಂದು ಆಡಿದ ಮಾತಲ್ಲ ಅದು. ಮುಂದಿನ ಮನೆ ತೋರಿಸಿ ತೋರಿಸಿ ಕೈ ಸೋತಿತ್ತು, ಅಷ್ಟೇ. ನಾಳೆಯಿಂದ ಬೆನ್ನುನೋವೇನೂ ಕಡಿಮೆಯಾಗುವುದಿಲ್ಲ, ಕೋಣೆಗಳು ಎರಡೇ ಇರುತ್ತವೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಚೀಲವನ್ನು ತೊಡೆಯಿಂದ ಪಕ್ಕಕ್ಕೆ ಇಳಿಸಿದಳು.

ಸುಚಿತ್ರಾ ‘ಆಸರೆ’ಯ ಮುಂದೆ ‘ದಣಿದವರು ಒರಗಿಕೊಳ್ಳುವ ಜಾಗ’ ಎಂದು ಬರೆದು, ಅದರ ಫೋಟೋ ತೆಗೆದು ಹನುಮೇಶನಿಗೆ ಕಳಿಸಿದಳು. ಸಾಲು ಹಿಡಿಸ್ತು ಎಂದು ಉತ್ತರ ಬಂತು. ಎದ್ದು ಚಹ ಮಾಡಿ ಅವ್ವನ ಮುಂದೊಂದು ಬಟ್ಟಲು ಇಟ್ಟು, ಗೋಡೆಗೆ ಒರಗಿದವಳಿಗೆ ಹಾಗೇ ಜೊಂಪು ಹತ್ತಿತು.

ಎಚ್ಚರವಾದಾಗ ಬಾಗಿಲ ಬದಿಯಲ್ಲಿ ಅವ್ವ ಇರಲಿಲ್ಲ. ದಡಬಡಿಸಿ ನೆಟ್ಟಗೆ ಕೂತಳು. ಆಮೇಲೆ ಓಣಿಯ ಆಚೆ ಕಟ್ಟೆಯಿಂದ ಅವ್ವನ ದನಿ ಕೇಳಿಸಿತು. ಯಾರಿಗೋ ಏನನ್ನೋ ಗಟ್ಟಿಯಾಗಿ ಹೇಳಿ ನಗುತ್ತಿದ್ದಳು. ಸುಚಿತ್ರಾ ಪಾತ್ರೆ ತೊಳೆಯಲೆಂದು ಎದ್ದಳು. ಅವ್ವ ಕೂತಿದ್ದ ಜಾಗದಲ್ಲಿ, ತಳದಲ್ಲಿ ಒಂದಿಷ್ಟು ಚಹದ ಪುಡಿ ಉಳಿದ ಬಟ್ಟಲು ಹಾಗೇ ಬಿದ್ದಿತ್ತು. ಇದೊಂದು ಕೆಲಸ ಹೆಚ್ಚಾಯಿತಲ್ಲ ಎಂದು ಮೊದಲಿಗೆ ಬೇಸರವೇ ಬಂತು. ಬಗ್ಗಿ ಎತ್ತಿಕೊಂಡವಳು ಅದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಆ ಮನೆಯಲ್ಲಿ ಅವ್ವ ತೊಳೆಯದೆ ಬಿಟ್ಟ ಮೊದಲನೆಯ ಬಟ್ಟಲು ಅದು.